ಮೀಸಲು ತಂಡಗಳ ಪಂದ್ಯದಲ್ಲಿ ಆಟಗಾರರ ಮೌಲ್ಯಮಾಪನ (ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್)

ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ಆಟದಲ್ಲಿ ಒಂದು ಕ್ಲಬ್ಬಿನ ಹಿರಿಯ ತಂಡಕ್ಕೆ ಆಯ್ಕೆಯಾಗದ ಆಟಗಾರರು ಆಡುವ ಎರಡನೆಯ ಸ್ತರದ ಪಂದ್ಯವನ್ನು ಮೀಸಲು ತಂಡಗಳ ಪಂದ್ಯ ಎನ್ನುತ್ತಾರೆ. ಇಂತಹ ಪಂದ್ಯದಲ್ಲಿ ಪ್ರತಿಯೊಬ್ಬ ಆಟಗಾರನ ಸಾಧನೆಯನ್ನು ಅಂಕಿಅಂಶ, ದೃಶ್ಯಮುದ್ರಣ, ತೀರ್ಪುಗಾರರ ಮತ ಹಾಗೂ ತರಬೇತುದಾರರ ಅವಲೋಕನಗಳ ಆಧಾರದ ಮೇಲೆ ಅಳೆಯಲಾಗುತ್ತದೆ. ಮುಂದಿನ ವಾರ ಹಿರಿಯ ತಂಡದಲ್ಲಿ ಯಾರಿಗೆ ಸ್ಥಾನ, ವರ್ಷಾಂತ್ಯದಲ್ಲಿ ಯಾರ ಒಪ್ಪಂದ ಮುಂದುವರಿಕೆ, ಯಾರ ಬಿಡುಗಡೆ ಎಂಬ ನಿರ್ಧಾರಗಳಿಗೆ ಈ ಮೌಲ್ಯಮಾಪನ ಆಧಾರವಾಗುತ್ತದೆ. ಆದುದರಿಂದ ಮೀಸಲು ಪಂದ್ಯದ ಫಲಿತಾಂಶಕ್ಕಿಂತಲೂ ಅದರಲ್ಲಿ ಆಡಿದವರ ವೈಯಕ್ತಿಕ ಸಾಧನೆಗೆ ಕ್ಲಬ್ಬುಗಳು ಹೆಚ್ಚಿನ ಮಹತ್ವ ನೀಡುವುದುಂಟು.

ಆಟದ ಸ್ಥೂಲ ಪರಿಚಯ

ಈ ಆಟದ ಮೊದಲ ಲಿಖಿತ ನಿಯಮಗಳನ್ನು 1859ರಲ್ಲಿ ಮೆಲ್ಬರ್ನ್ ಫುಟ್‌ಬಾಲ್ ಕ್ಲಬ್ಬಿನ ಸದಸ್ಯರು ರಚಿಸಿದರು. ಆಟ ನಡೆಯುವುದು ಅಂಡಾಕಾರದ ಮೈದಾನದಲ್ಲಿ. ಅದರ ಉದ್ದ 135ರಿಂದ 185 ಮೀಟರ್, ಅಗಲ 110ರಿಂದ 155 ಮೀಟರ್ ಇರಬಹುದು. ಅನೇಕ ಕಡೆಗಳಲ್ಲಿ ಬೇಸಿಗೆಯ ಕ್ರಿಕೆಟ್ ಮೈದಾನವೇ ಚಳಿಗಾಲದಲ್ಲಿ ಈ ಆಟಕ್ಕೆ ಬಳಕೆಯಾಗುತ್ತದೆ. ಪ್ರತಿ ತಂಡದ 18 ಆಟಗಾರರು ಏಕಕಾಲಕ್ಕೆ ಮೈದಾನದಲ್ಲಿರುತ್ತಾರೆ. ಹೊರಗೆ ಕುಳಿತ ಬದಲಿ ಆಟಗಾರರು ಸರದಿಯಂತೆ ಒಳಬರುತ್ತಾರೆ. ಪಂದ್ಯವು ನಾಲ್ಕು ಪಾದಗಳಲ್ಲಿ ನಡೆಯುತ್ತದೆ. ಎರಡು ಎತ್ತರದ ಕಂಬಗಳ ನಡುವೆ ಚೆಂಡನ್ನು ಒದ್ದು ದಾಟಿಸಿದರೆ ಗೋಲು, ಅದಕ್ಕೆ 6 ಅಂಕ. ಪಕ್ಕದ ಗಿಡ್ಡ ಕಂಬದ ಕಡೆಯಿಂದ ಚೆಂಡು ಹಾದುಹೋದರೆ ಬಿಹೈಂಡ್, ಅದಕ್ಕೆ 1 ಅಂಕ.

ಆಟಗಾರರು ಚೆಂಡನ್ನು ಒದೆಯಬಹುದು, ಇಲ್ಲವೇ ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯ ಮುಷ್ಟಿಯಿಂದ ಹೊಡೆದು ಸಹ ಆಟಗಾರನಿಗೆ ಸಾಗಿಸಬಹುದು; ಎರಡನೆಯದಕ್ಕೆ ಹ್ಯಾಂಡ್‌ಬಾಲ್ ಎಂದು ಹೆಸರು. ಚೆಂಡನ್ನು ಎಸೆಯುವಂತಿಲ್ಲ. ಕನಿಷ್ಠ 15 ಮೀಟರ್ ದೂರದಿಂದ ಒದೆದು ಬಂದ ಚೆಂಡನ್ನು ನೆಲಕ್ಕೆ ಬೀಳುವ ಮುನ್ನ ಹಿಡಿದರೆ ಅದು ಮಾರ್ಕ್. ಹಿಡಿದವನಿಗೆ ಅಡ್ಡಿಯಿಲ್ಲದೆ ಒದೆಯುವ ಅವಕಾಶ ದೊರೆಯುತ್ತದೆ. ಈ ಆಟದಲ್ಲಿ ಆಫ್‌ಸೈಡ್ ನಿಯಮವಿಲ್ಲ. ಆಟಗಾರರು ಮೈದಾನದ ಎಲ್ಲ ಕಡೆಗೂ ಓಡಾಡುವುದರಿಂದ ಒಬ್ಬೊಬ್ಬರ ಕೆಲಸವನ್ನು ಬಿಡಿಸಿ ನೋಡುವುದು ಸುಲಭವಲ್ಲ. ಮೌಲ್ಯಮಾಪನದ ಹೆಚ್ಚಿನ ತೊಡಕುಗಳು ಇಲ್ಲಿಂದಲೇ ಹುಟ್ಟುತ್ತವೆ.

ಮೀಸಲು ಸ್ಪರ್ಧೆಗಳ ಇತಿಹಾಸ

ವಿಕ್ಟೋರಿಯನ್ ಫುಟ್‌ಬಾಲ್ ಲೀಗ್ 1896ರಲ್ಲಿ ಸ್ಥಾಪನೆಯಾಗಿ 1897ರಲ್ಲಿ ತನ್ನ ಮೊದಲ ಋತುವನ್ನು ನಡೆಸಿತು. ಈ ಲೀಗಿನ ಕ್ಲಬ್ಬುಗಳ ಎರಡನೆಯ ತಂಡಗಳಿಗಾಗಿ 1919ರಲ್ಲಿ ಪ್ರತ್ಯೇಕ ಸ್ಪರ್ಧೆ ಆರಂಭವಾಯಿತು. ಹಲವು ದಶಕಗಳ ಕಾಲ ಮೀಸಲು ಪಂದ್ಯವು ಹಿರಿಯರ ಪಂದ್ಯಕ್ಕೆ ಮುಂಚೆ ಅದೇ ಮೈದಾನದಲ್ಲಿ ನಡೆಯುತ್ತಿತ್ತು. ಬೇಗ ಬಂದ ಪ್ರೇಕ್ಷಕರು ನಾಳಿನ ಆಟಗಾರರನ್ನು ಅಲ್ಲಿಯೇ ಕಣ್ಣಾರೆ ಕಂಡು ತೂಗಿ ನೋಡುತ್ತಿದ್ದರು. 1990ರಲ್ಲಿ ಲೀಗಿನ ಹೆಸರು ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್ (ಎಎಫ್‌ಎಲ್) ಎಂದು ಬದಲಾಯಿತು.

1999ರ ಋತುವಿನೊಂದಿಗೆ ಪ್ರತ್ಯೇಕ ಮೀಸಲು ಸ್ಪರ್ಧೆ ಕೊನೆಗೊಂಡಿತು. ಅಷ್ಟರಲ್ಲಿ 1877ರಷ್ಟು ಹಳೆಯದಾದ ವಿಕ್ಟೋರಿಯನ್ ಫುಟ್‌ಬಾಲ್ ಅಸೋಸಿಯೇಷನ್, ತೆರವಾಗಿದ್ದ ವಿಕ್ಟೋರಿಯನ್ ಫುಟ್‌ಬಾಲ್ ಲೀಗ್ (ವಿಎಫ್‌ಎಲ್) ಎಂಬ ಹೆಸರನ್ನು ತಾನೇ ಧರಿಸಿತ್ತು. 2000ದಿಂದ ವಿಕ್ಟೋರಿಯಾದ ಎಎಫ್‌ಎಲ್ ಕ್ಲಬ್ಬುಗಳ ಮೀಸಲು ಆಟಗಾರರು ಈ ಹೊಸ ವಿಎಫ್‌ಎಲ್‌ನಲ್ಲಿ ಆಡತೊಡಗಿದರು. ಕೆಲವು ಕ್ಲಬ್ಬುಗಳು ತಮ್ಮದೇ ಮೀಸಲು ತಂಡವನ್ನು ಕಣಕ್ಕಿಳಿಸಿದರೆ, ಇನ್ನು ಕೆಲವು ಹಳೆಯ ಸ್ಥಳೀಯ ಕ್ಲಬ್ಬುಗಳೊಡನೆ ಹೊಂದಾಣಿಕೆ ಮಾಡಿಕೊಂಡವು. ಹಾಥಾರ್ನ್ ಆಟಗಾರರು ಬಾಕ್ಸ್ ಹಿಲ್ ಪರವಾಗಿ, 2009ರಿಂದ ಮೆಲ್ಬರ್ನ್ ಆಟಗಾರರು ಕೇಸಿ ಪರವಾಗಿ ಆಡುವುದು ಇಂತಹ ಹೊಂದಾಣಿಕೆಗೆ ಉದಾಹರಣೆ. ಕೋಬರ್ಗ್ ಜೊತೆಗಿದ್ದ ರಿಚ್ಮಂಡ್ 2014ರಲ್ಲಿ ತನ್ನದೇ ಮೀಸಲು ತಂಡವನ್ನು ಮರಳಿ ಕಟ್ಟಿತು. 2021ರಲ್ಲಿ ಈಶಾನ್ಯ ಭಾಗದ ಸ್ಪರ್ಧೆಯು ವಿಎಫ್‌ಎಲ್ ಜೊತೆ ವಿಲೀನವಾದ್ದರಿಂದ ಸಿಡ್ನಿ, ಬ್ರಿಸ್ಬೇನ್, ಗೋಲ್ಡ್ ಕೋಸ್ಟ್ ಮೊದಲಾದ ಕ್ಲಬ್ಬುಗಳ ಮೀಸಲು ತಂಡಗಳೂ ಇಲ್ಲಿಗೆ ಸೇರಿದವು.

ಬೇರೆ ರಾಜ್ಯಗಳಲ್ಲಿಯೂ ಇಂತಹದೇ ಏರ್ಪಾಡುಗಳಿವೆ. 2014ರಿಂದ ಅಡಿಲೇಡ್ ಹಾಗೂ ಪೋರ್ಟ್ ಅಡಿಲೇಡ್ ಕ್ಲಬ್ಬುಗಳ ಮೀಸಲು ತಂಡಗಳು ದಕ್ಷಿಣ ಆಸ್ಟ್ರೇಲಿಯಾದ ರಾಜ್ಯ ಲೀಗಿನಲ್ಲಿ ಆಡತೊಡಗಿದವು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಫ್ರೀಮ್ಯಾಂಟಲ್ ಕ್ಲಬ್ಬು ಪೀಲ್ ಥಂಡರ್ ಜೊತೆ ಹೊಂದಾಣಿಕೆ ಮಾಡಿಕೊಂಡಿತು. ವೆಸ್ಟ್ ಕೋಸ್ಟ್ ಈಗಲ್ಸ್ 2019ರಲ್ಲಿ ಸ್ವಂತ ಮೀಸಲು ತಂಡವನ್ನು ಕಣಕ್ಕಿಳಿಸಿತು.

ಮೀಸಲು ಪಂದ್ಯದಲ್ಲಿ ಆಡುವವರು

ಒಂದೇ ಮೀಸಲು ಪಂದ್ಯದಲ್ಲಿ ಹಲವು ಬಗೆಯ ಆಟಗಾರರು ಜೊತೆಯಾಗಿ ಆಡುತ್ತಾರೆ. ಹೊಸದಾಗಿ ಆಯ್ಕೆಯಾಗಿ ಇನ್ನೂ ಮೈಕಟ್ಟು ಬಲಿಯದ 18-19 ವರ್ಷದ ಯುವಕರು, ಗಾಯದಿಂದ ಚೇತರಿಸಿಕೊಂಡು ಮರಳುತ್ತಿರುವ ಅನುಭವಿಗಳು, ಆಟ ಕಳೆಗುಂದಿ ಹಿರಿಯ ತಂಡದಿಂದ ಕೈಬಿಡಲ್ಪಟ್ಟವರು ಎಎಫ್‌ಎಲ್ ಕ್ಲಬ್ಬಿನ ಪಟ್ಟಿಯಲ್ಲಿರುವವರು. ಇವರ ಪಕ್ಕದಲ್ಲಿ ಬೇರೆ ಉದ್ಯೋಗ ಮಾಡಿಕೊಂಡು, ಸಂಜೆ ಅಭ್ಯಾಸಕ್ಕೆ ಬರುವ ರಾಜ್ಯ ಲೀಗಿನ ಆಟಗಾರರೂ ಇರುತ್ತಾರೆ. ಪೋರ್ಟ್ ಮೆಲ್ಬರ್ನ್, ವಿಲಿಯಮ್ಸ್‌ಟೌನ್, ವೆರಿಬೀ ಮುಂತಾದ ಸ್ವತಂತ್ರ ಕ್ಲಬ್ಬುಗಳಲ್ಲಿ ಇಂತಹವರದೇ ಬಹುಮತ.

ಈ ಭಿನ್ನತೆಯ ಪರಿಣಾಮವಾಗಿ ಎಲ್ಲರಿಗೂ ಒಂದೇ ಅಳತೆಗೋಲು ಹೊಂದುವುದಿಲ್ಲ. ಗಾಯದಿಂದ ಮರಳಿದವನಿಗೆ ಇಂತಿಷ್ಟೇ ನಿಮಿಷ ಆಡಬೇಕೆಂಬ ವೈದ್ಯಕೀಯ ಮಿತಿ ಇರಬಹುದು. ಮುನ್ನುಗ್ಗುವ ಸ್ಥಾನದ ಯುವಕನೊಬ್ಬನಿಗೆ ರಕ್ಷಣೆಯನ್ನು ಕಲಿಸುವ ಸಲುವಾಗಿ ಹಿಂಬದಿಯಲ್ಲಿ ಆಡಲು ಹೇಳಿರಬಹುದು. ಸ್ವತಂತ್ರ ಕ್ಲಬ್ಬಿನ ಆಟಗಾರನಿಗಾದರೋ ಆ ಪಂದ್ಯ ಗೆಲ್ಲುವುದೇ ಗುರಿ.

ದಾಖಲಾಗುವ ಅಂಕಿಅಂಶಗಳು

ಎಎಫ್‌ಎಲ್‌ನ ಅಧಿಕೃತ ಅಂಕಿಅಂಶಗಳನ್ನು ಮೆಲ್ಬರ್ನ್ ನಗರದ ಚಾಂಪಿಯನ್ ಡೇಟಾ ಸಂಸ್ಥೆ ಒದಗಿಸುತ್ತದೆ. ರಾಜ್ಯ ಲೀಗುಗಳಲ್ಲಿಯೂ ಮುಖ್ಯ ಅಂಶಗಳು ದಾಖಲಾಗುತ್ತವೆ. ಸಾಮಾನ್ಯವಾಗಿ ಗಮನಿಸುವ ಅಂಶಗಳು ಹೀಗಿವೆ:

- ಡಿಸ್ಪೋಸಲ್: ಒದೆತ ಮತ್ತು ಹ್ಯಾಂಡ್‌ಬಾಲ್‌ಗಳ ಒಟ್ಟು ಸಂಖ್ಯೆ. ಆಟಗಾರನು ಎಷ್ಟು ಬಾರಿ ಚೆಂಡನ್ನು ಪಡೆದು ಸಾಗಿಸಿದನೆಂಬುದನ್ನು ಇದು ಹೇಳುತ್ತದೆ.
- ಪೈಪೋಟಿಯ ಸ್ವಾಧೀನ: ಎದುರಾಳಿಯೊಡನೆ ಸೆಣಸಿ ಚೆಂಡನ್ನು ಗಳಿಸಿದ ಸಂದರ್ಭಗಳು.
- ಮಾರ್ಕ್: ಹಿಡಿತಗಳ ಸಂಖ್ಯೆ. ಎದುರಾಳಿಯ ಒತ್ತಡದ ನಡುವೆ ಹಿಡಿದವುಗಳನ್ನು ಪ್ರತ್ಯೇಕವಾಗಿ ಎಣಿಸುತ್ತಾರೆ.
- ಟ್ಯಾಕಲ್: ಚೆಂಡನ್ನು ಹೊಂದಿದ ಎದುರಾಳಿಯನ್ನು ಹಿಡಿದು ತಡೆದ ಸಂದರ್ಭಗಳು.
- ಕ್ಲಿಯರೆನ್ಸ್: ತೀರ್ಪುಗಾರನು ಚೆಂಡನ್ನು ಪುಟಿಸಿದ ಅಥವಾ ಮೇಲಕ್ಕೆಸೆದ ಜಾಗದ ಗುಂಪಿನಿಂದ ಅದನ್ನು ಹೊರತಂದ ಸಂದರ್ಭಗಳು.
- ಹಿಟ್‌ಔಟ್: ಹಾಗೆ ಮೇಲೇರಿದ ಚೆಂಡನ್ನು ಎತ್ತರದ ಆಟಗಾರನಾದ ರಕ್‌ಮನ್ ತನ್ನವರ ಕಡೆಗೆ ತಟ್ಟಿದ ಸಂದರ್ಭಗಳು.
- 50ರ ಒಳಗಿನ ಪ್ರವೇಶ: ಗೋಲಿನಿಂದ 50 ಮೀಟರ್ ದೂರದಲ್ಲಿ ಎಳೆದಿರುವ ಕಮಾನುಗೆರೆಯ ಒಳಕ್ಕೆ ಚೆಂಡನ್ನು ಸಾಗಿಸಿದ ಸಂದರ್ಭಗಳು.
- ಸಣ್ಣ ಕೆಲಸಗಳು: ಎದುರಾಳಿಯ ಹಿಡಿತವನ್ನು ಮುಷ್ಟಿಯಿಂದ ಗುದ್ದಿ ಕೆಡಿಸುವುದು, ಒದೆತಕ್ಕೆ ಅಡ್ಡ ಬಿದ್ದು ತಡೆಯುವುದು, ಸಹ ಆಟಗಾರನಿಗೆ ಮೈಯೊಡ್ಡಿ ದಾರಿ ಮಾಡಿಕೊಡುವುದು.

ಇವಲ್ಲದೆ ಆಟಗಾರರು ಬೆನ್ನಿನ ಮೇಲ್ಭಾಗದಲ್ಲಿ ಧರಿಸುವ ಜಿಪಿಎಸ್ ಉಪಕರಣವು ಓಡಿದ ದೂರವನ್ನೂ ವೇಗವನ್ನೂ ದಾಖಲಿಸುತ್ತದೆ. ಗಾಯದಿಂದ ಮರಳಿದವರ ವಿಷಯದಲ್ಲಿ ಚೆಂಡು ಎಷ್ಟು ಸಿಕ್ಕಿತು ಎಂಬುದಕ್ಕಿಂತ ಕೊನೆಯ ಪಾದದಲ್ಲಿ ಓಟದ ವೇಗ ಎಷ್ಟು ಉಳಿದಿತ್ತು ಎಂಬುದು ಮುಖ್ಯವಾಗಬಹುದು.

ಅಂಕಿಅಂಶಗಳ ಮಿತಿ

ಡಿಸ್ಪೋಸಲ್ ಸಂಖ್ಯೆ ಎಲ್ಲರ ಕಣ್ಣಿಗೂ ಮೊದಲು ಬೀಳುವ ಅಂಕಿ. ಆದರೆ ಅದು ಪ್ರಮಾಣವನ್ನು ಹೇಳುತ್ತದೆಯೇ ಹೊರತು ಗುಣವನ್ನು ಹೇಳುವುದಿಲ್ಲ. ಕಾಲ್ಪನಿಕ ಉದಾಹರಣೆಯೊಂದನ್ನು ಗಮನಿಸಬಹುದು. ಮಧ್ಯಮೈದಾನದ ಆಟಗಾರನೊಬ್ಬ 12 ಒದೆತ, 18 ಹ್ಯಾಂಡ್‌ಬಾಲ್ ಸೇರಿ 30 ಡಿಸ್ಪೋಸಲ್ ಗಳಿಸಿದನೆಂದುಕೊಳ್ಳೋಣ. ಅವನ ಹ್ಯಾಂಡ್‌ಬಾಲ್‌ಗಳಲ್ಲಿ 17, ಒದೆತಗಳಲ್ಲಿ 5 ಮಾತ್ರ ಫಲಕಾರಿಯಾಗಿದ್ದರೂ ಒಟ್ಟು ಫಲಕಾರಿತ್ವ 30ಕ್ಕೆ 22, ಅಂದರೆ ಸುಮಾರು ಶೇ. 73 ಎಂದು ಕಾಣುತ್ತದೆ. ಒದೆತಗಳನ್ನಷ್ಟೇ ಬೇರ್ಪಡಿಸಿದರೆ ಅದು ಶೇ. 42ಕ್ಕೆ ಇಳಿಯುತ್ತದೆ. ಹತ್ತಿರದವನಿಗೆ ಸುಲಭವಾಗಿ ದಾಟಿಸಿದ ಹ್ಯಾಂಡ್‌ಬಾಲ್‌ಗಳು ಕೆಟ್ಟ ಒದೆತಗಳನ್ನು ಮರೆಮಾಡುತ್ತವೆ.

ಫಲಕಾರಿ ಎಂಬ ಪದಕ್ಕೂ ತಾಂತ್ರಿಕ ಅರ್ಥವಿದೆ. ಗುರಿಯಿಟ್ಟ ಸಹ ಆಟಗಾರನಿಗೆ ಚೆಂಡು ತಲುಪಿದರೆ ಒದೆತ ಫಲಕಾರಿ. 40 ಮೀಟರಿಗಿಂತ ದೂರದ ಒದೆತವಾದರೆ, ಇಬ್ಬರಿಗೂ ಸಮಾನ ಅವಕಾಶವಿರುವ ಸೆಣಸಾಟಕ್ಕೆ ಬಿದ್ದರೂ ಅದನ್ನು ಫಲಕಾರಿ ಎಂದೇ ಎಣಿಸುತ್ತಾರೆ. ಹೀಗಾಗಿ ಧೈರ್ಯವಾಗಿ ಮುಂದಕ್ಕೆ ಒದ್ದವನನ್ನೂ ಸುರಕ್ಷಿತವಾಗಿ ಪಕ್ಕಕ್ಕೆ ದಾಟಿಸಿದವನನ್ನೂ ಈ ಶೇಕಡಾವಾರು ಲೆಕ್ಕ ಪೂರ್ಣವಾಗಿ ಬೇರ್ಪಡಿಸಲಾರದು.

ಅಭಿಮಾನಿಗಳಲ್ಲಿ ಜನಪ್ರಿಯವಾಗಿರುವ ಎಎಫ್‌ಎಲ್ ಫ್ಯಾಂಟಸಿ ಅಂಕಪದ್ಧತಿಯಲ್ಲಿ ಒದೆತಕ್ಕೆ 3, ಹ್ಯಾಂಡ್‌ಬಾಲ್‌ಗೆ 2, ಮಾರ್ಕ್‌ಗೆ 3, ಟ್ಯಾಕಲ್‌ಗೆ 4, ಗೋಲಿಗೆ 6, ಬಿಹೈಂಡ್ ಹಾಗೂ ಹಿಟ್‌ಔಟ್‌ಗಳಿಗೆ ತಲಾ 1 ಅಂಕ. ಪರವಾಗಿ ದೊರೆತ ಫ್ರೀ ಕಿಕ್‌ಗೆ 1 ಅಂಕ, ಎದುರಾಳಿಗೆ ಬಿಟ್ಟುಕೊಟ್ಟ ಫ್ರೀ ಕಿಕ್‌ಗೆ 3 ಅಂಕ ಕಡಿತ. ಮೇಲಿನ ಆಟಗಾರ 4 ಮಾರ್ಕ್, 3 ಟ್ಯಾಕಲ್ ಮಾಡಿದ್ದರೆ ಅವನ ಮೊತ್ತ 96 ಆಗುತ್ತದೆ. ಅದೇ ಪಂದ್ಯದ ರಕ್ಷಕನೊಬ್ಬ 7 ಒದೆತ, 3 ಹ್ಯಾಂಡ್‌ಬಾಲ್, 4 ಮಾರ್ಕ್, 2 ಟ್ಯಾಕಲ್ ಮಾಡಿ 47 ಅಂಕ ಪಡೆಯುತ್ತಾನೆ. ಆ ರಕ್ಷಕನು ಎದುರಾಳಿಯ ಪ್ರಮುಖ ಗೋಲುಗಾರನಿಗೆ ಒಂದೂ ಗೋಲು ದಕ್ಕದಂತೆ ತಡೆದು, ಅವನ ಹಿಡಿತಗಳನ್ನು 9 ಬಾರಿ ಕೆಡಿಸಿದ್ದರೂ ಈ ಪದ್ಧತಿಯಲ್ಲಿ ಅದಕ್ಕೆ ಅಂಕವಿಲ್ಲ. ಪಂದ್ಯವನ್ನು ನೋಡದೆ ಪಟ್ಟಿಯನ್ನಷ್ಟೇ ಓದಿದವರಿಗೆ ಅವನ ದಿನದ ಕೆಲಸ ಕಾಣಿಸುವುದೇ ಇಲ್ಲ.

ಈ ಕೊರತೆಯನ್ನು ನೀಗಿಸಲು ಚಾಂಪಿಯನ್ ಡೇಟಾ ಸಂಸ್ಥೆಯು ಬೇರೊಂದು ಬಗೆಯ ಶ್ರೇಣೀಕರಣವನ್ನು ರೂಪಿಸಿದೆ. ಚೆಂಡು ಮೈದಾನದ ಯಾವ ಭಾಗದಲ್ಲಿ, ಎಂತಹ ಒತ್ತಡದಲ್ಲಿ ಇದೆ ಎಂಬುದರ ಮೇಲೆ ಮುಂದಿನ ಅಂಕ ಯಾವ ತಂಡಕ್ಕೆ ಬರುವ ಸಂಭವ ಹೆಚ್ಚು ಎಂದು ಮೊದಲು ಲೆಕ್ಕಹಾಕುತ್ತಾರೆ. ಆಟಗಾರನ ಕ್ರಿಯೆಯಿಂದ ಆ ಸಂಭವ ಎಷ್ಟು ಏರಿತು ಅಥವಾ ಇಳಿಯಿತು ಎಂಬುದೇ ಅವನ ಗಳಿಕೆ. ಇಲ್ಲಿ ಕೆಟ್ಟ ಒದೆತಕ್ಕೆ ದಂಡವೂ ಕಷ್ಟದ ಗಳಿಕೆಗೆ ಪ್ರತಿಫಲವೂ ಉಂಟು.

ಸ್ಥಾನಕ್ಕೆ ಅನುಗುಣವಾದ ಅಳತೆ

ರಕ್ಷಕನನ್ನು ಅಳೆಯುವಾಗ ಅವನು ಕಾಯುತ್ತಿದ್ದ ಎದುರಾಳಿಯ ಗಳಿಕೆಯನ್ನೂ ನೋಡಬೇಕು. ಮುಂಚೂಣಿಯ ಎತ್ತರದ ಆಟಗಾರನ ವಿಷಯದಲ್ಲಿ ಗೋಲುಗಳ ಸಂಖ್ಯೆಯೊಂದೇ ಸಾಲದು. ಅವನ ಕಡೆಗೆ ಎಷ್ಟು ಬಾರಿ ಚೆಂಡು ಬಂತು, ಹಿಡಿಯಲಾಗದಿದ್ದಾಗ ಎದುರಾಳಿಗೂ ಹಿಡಿಯಲು ಬಿಡದೆ ನೆಲಕ್ಕೆ ಬೀಳಿಸಿದನೇ ಎಂಬುದೂ ಮುಖ್ಯ. ತನ್ನ ತಂಡದವರು 50 ಮೀಟರ್ ಗೆರೆಯೊಳಕ್ಕೆ ಚೆಂಡನ್ನು ತರಲಾಗದೆ ಸೋತ ದಿನ ಮುಂಚೂಣಿಯವನು ಗೋಲಿಲ್ಲದೆ ಮರಳುವುದು ಸಹಜ.

ರಕ್‌ಮನ್‌ನ ಹಿಟ್‌ಔಟ್‌ಗಳಲ್ಲಿ ನೇರವಾಗಿ ಸಹ ಆಟಗಾರನಿಗೆ ಲಾಭವಾದವು ಎಷ್ಟು ಎಂಬುದನ್ನು ಪ್ರತ್ಯೇಕಿಸುತ್ತಾರೆ. ಈ ಸ್ಥಾನದ ಯುವಕರು ಪಕ್ವವಾಗಲು ಹೆಚ್ಚು ಕಾಲ ಬೇಕಾಗುವುದರಿಂದ ಅವರ ಪ್ರಗತಿಯನ್ನು ಋತುವಿನಿಂದ ಋತುವಿಗೆ ಹೋಲಿಸುವುದು ಹೆಚ್ಚು ನ್ಯಾಯಯುತ. ಎದುರಾಳಿ ತಂಡದ ಶ್ರೇಷ್ಠ ಆಟಗಾರನ ಬೆನ್ನು ಬಿಡದೆ ಅವನನ್ನು ಕಟ್ಟಿಹಾಕುವ ಹೊಣೆ ಹೊತ್ತವನಿಗೆ ಟ್ಯಾಗರ್ ಎಂದು ಹೆಸರು. ಅವನಿಗೆ 10 ಡಿಸ್ಪೋಸಲ್ ಮಾತ್ರ ದಕ್ಕಿದ್ದರೂ, ಸಾಮಾನ್ಯವಾಗಿ 30 ಗಳಿಸುವ ಎದುರಾಳಿಯನ್ನು 12ಕ್ಕೆ ನಿಲ್ಲಿಸಿದ್ದರೆ ಕೆಲಸ ಕೈಗೂಡಿದಂತೆಯೇ.

ಮೀಸಲು ಪಂದ್ಯಕ್ಕೆ ವಿಶಿಷ್ಟವಾದ ಅಂಶಗಳು

ಹಿರಿಯರ ಪಂದ್ಯಕ್ಕೂ ಮೀಸಲು ಪಂದ್ಯಕ್ಕೂ ವೇಗದಲ್ಲಿ ಹಾಗೂ ಒತ್ತಡದಲ್ಲಿ ವ್ಯತ್ಯಾಸವಿದೆ. ಮೀಸಲು ಪಂದ್ಯದಲ್ಲಿ ಚೆಂಡು ಹಿಡಿದವನಿಗೆ ಸುತ್ತ ನೋಡಲು ಒಂದೆರಡು ಕ್ಷಣ ಹೆಚ್ಚು ಸಿಗುತ್ತದೆ. ಆದುದರಿಂದ ಇಲ್ಲಿ ಗಳಿಸಿದ ದೊಡ್ಡ ಮೊತ್ತವು ಮೇಲಿನ ಸ್ತರದಲ್ಲಿಯೂ ಮರುಕಳಿಸುವುದೆಂಬ ಭರವಸೆಯಿಲ್ಲ. ಗಾತ್ರ, ವೇಗ ಹಾಗೂ ಒತ್ತಡದ ನಡುವಿನ ನಿರ್ಧಾರ ಇವು ಮೇಲಿನ ಸ್ತರಕ್ಕೂ ಸಾಗುವ ಗುಣಗಳೇ ಎಂಬುದನ್ನು ಆಯ್ಕೆಗಾರರು ಗಮನಿಸುತ್ತಾರೆ.

ಆಡಿದ ಸಮಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಪಂದ್ಯದ ಶೇ. 60ರಷ್ಟು ಕಾಲ ಆಡಿ 20 ಡಿಸ್ಪೋಸಲ್ ಗಳಿಸಿದವನು, ಶೇ. 90ರಷ್ಟು ಆಡಿ 25 ಗಳಿಸಿದವನಿಗಿಂತ ವೇಗವಾಗಿ ಚೆಂಡನ್ನು ಸಂಪಾದಿಸಿದ್ದಾನೆ. ಆದರೆ ಹೆಚ್ಚು ವಿಶ್ರಾಂತಿ ಪಡೆದವನಿಗೆ ದಣಿವು ಕಡಿಮೆ ಎಂಬುದರಿಂದ ಈ ಲೆಕ್ಕವನ್ನೂ ಎಚ್ಚರದಿಂದ ಬಳಸಬೇಕು. ಗಾಳಿ ಹಾಗೂ ಮಳೆಯ ಪ್ರಭಾವವೂ ಗಣನೀಯ. ಎತ್ತರದ ಪ್ರೇಕ್ಷಕಾಂಗಣಗಳಿಲ್ಲದ ಉಪನಗರದ ಮೈದಾನಗಳಲ್ಲಿ ಗಾಳಿ ಒಂದೇ ದಿಕ್ಕಿಗೆ ಬಲವಾಗಿ ಬೀಸಿದಾಗ, ಗಾಳಿಯ ವಿರುದ್ಧ ಆಡಿದ ಪಾದದಲ್ಲಿ ತೋರಿದ ಸಾಧನೆಗೆ ಹೆಚ್ಚು ಬೆಲೆ. ಪಂದ್ಯ ಏಕಪಕ್ಷೀಯವಾಗಿದ್ದರೆ ಫಲಿತಾಂಶ ನಿಶ್ಚಯವಾದ ಮೇಲೆ ಗಳಿಸಿದ ಗೋಲುಗಳಿಗೆ ಮೊದಲ ಪಾದದ ಗೋಲುಗಳಷ್ಟು ತೂಕವಿರುವುದಿಲ್ಲ.

ಮತಗಳು ಹಾಗೂ ಪದಕಗಳು

ಪಂದ್ಯದ ವರದಿಗಳಲ್ಲಿ ಪ್ರತಿ ತಂಡದ ಗೋಲುಗಾರರ ಹೆಸರಿನ ನಂತರ ಉತ್ತಮ ಆಟಗಾರರ ಪಟ್ಟಿಯನ್ನು ಅರ್ಹತೆಯ ಕ್ರಮದಲ್ಲಿ ಕೊಡುವುದು ಹಳೆಯ ಸಂಪ್ರದಾಯ. ಔಪಚಾರಿಕ ಮತದಾನದಲ್ಲಿ ಮೈದಾನದ ತೀರ್ಪುಗಾರರು ಮೂವರು ಉತ್ತಮ ಆಟಗಾರರಿಗೆ 3, 2, 1 ಎಂದು ಮತ ನೀಡುತ್ತಾರೆ. ಹಿರಿಯರ ಲೀಗಿನಲ್ಲಿ 1924ರಿಂದ ನೀಡುತ್ತಿರುವ ಬ್ರೌನ್ಲೋ ಪದಕ, ವಿಎಫ್‌ಎಲ್‌ನಲ್ಲಿ 1945ರಿಂದ ಇರುವ ಜೆ. ಜೆ. ಲಿಸ್ಟನ್ ಟ್ರೋಫಿ ಇವುಗಳಿಗೆ ತೀರ್ಪುಗಾರರ ಮತಗಳೇ ಆಧಾರ. ಹಳೆಯ ಮೀಸಲು ಸ್ಪರ್ಧೆಯ ಶ್ರೇಷ್ಠ ಆಟಗಾರನಿಗೆ 1999ರವರೆಗೆ ಗಾರ್ಡಿನರ್ ಪದಕ ದೊರೆಯುತ್ತಿತ್ತು. ವಿಎಫ್‌ಎಲ್ ಅಂತಿಮ ಪಂದ್ಯದ ಶ್ರೇಷ್ಠನಿಗೆ ನಾರ್ಮ್ ಗಾಸ್ ಪದಕ ಸಲ್ಲುತ್ತದೆ. ಎಎಫ್‌ಎಲ್ ತರಬೇತುದಾರರ ಸಂಘದ ಪ್ರಶಸ್ತಿಯಲ್ಲಿ ಎರಡೂ ತಂಡಗಳ ತರಬೇತುದಾರರು ಪ್ರತ್ಯೇಕವಾಗಿ 5ರಿಂದ 1ರವರೆಗೆ ಮತ ನೀಡುವುದರಿಂದ ಒಬ್ಬ ಆಟಗಾರನಿಗೆ ಒಂದು ಪಂದ್ಯದಲ್ಲಿ ಗರಿಷ್ಠ 10 ಮತ ಸಿಗಬಹುದು.

ತೀರ್ಪುಗಾರರ ಮತಗಳು ಚೆಂಡಿನ ಬಳಿಯಲ್ಲೇ ಇರುವ ಮಧ್ಯಮೈದಾನದವರ ಕಡೆಗೆ ವಾಲುತ್ತವೆ ಎಂಬುದು ಬಹುಕಾಲದ ಆಕ್ಷೇಪ. 1987ರಲ್ಲಿ ಜಾನ್ ಪ್ಲಾಟನ್ ಜೊತೆ ಬ್ರೌನ್ಲೋ ಪದಕವನ್ನು ಹಂಚಿಕೊಂಡ ಟೋನಿ ಲಾಕೆಟ್ ಗೋಲಿನ ಮುಂದಿನ ಸ್ಥಾನದ ಆಟಗಾರನಾಗಿದ್ದುದು ವಿರಳ ಸಂಗತಿಯೆಂದು ಇಂದಿಗೂ ಉಲ್ಲೇಖವಾಗುತ್ತದೆ.

ಪ್ರಮುಖ ಉದಾಹರಣೆಗಳು

ಸ್ಯಾಮ್ ಮಿಚೆಲ್ 2002ರಲ್ಲಿ ಬಾಕ್ಸ್ ಹಿಲ್ ಪರವಾಗಿ ಆಡುತ್ತ ಲಿಸ್ಟನ್ ಟ್ರೋಫಿಯನ್ನು ಗೆದ್ದರು. ಮರುವರ್ಷವೇ ಹಾಥಾರ್ನ್ ಪರವಾಗಿ ಎಎಫ್‌ಎಲ್‌ನ ಉದಯೋನ್ಮುಖ ಆಟಗಾರ ಪ್ರಶಸ್ತಿಯನ್ನು ಪಡೆದರು. 2008ರಲ್ಲಿ ನಾಯಕರಾಗಿ ತಂಡಕ್ಕೆ ಪ್ರಶಸ್ತಿ ತಂದುಕೊಟ್ಟರು. 2012ರ ಬ್ರೌನ್ಲೋ ಪದಕವು ಮೂಲ ವಿಜೇತರಿಂದ ಹಿಂಪಡೆಯಲ್ಪಟ್ಟ ಮೇಲೆ 2016ರಲ್ಲಿ ಮಿಚೆಲ್ ಹಾಗೂ ಟ್ರೆಂಟ್ ಕೊಚಿನ್ ಇಬ್ಬರಿಗೂ ಸಂದಿತು. 2021ರಲ್ಲಿ ಬಾಕ್ಸ್ ಹಿಲ್ ತಂಡದ ತರಬೇತುದಾರರಾದ ಅವರು ಮರುವರ್ಷ ಹಾಥಾರ್ನ್‌ನ ಮುಖ್ಯ ತರಬೇತುದಾರರಾದರು. ತಾವು ಅಳೆಯಲ್ಪಟ್ಟ ಅಂಗಣದಲ್ಲಿಯೇ ಅವರು ಇತರರನ್ನು ಅಳೆಯುವ ಹೊಣೆ ಹೊತ್ತಂತಾಯಿತು.

ಇನ್ನೊಂದು ಪ್ರಸಿದ್ಧ ಉದಾಹರಣೆ ಮಾರ್ಲಿಯನ್ ಪಿಕೆಟ್. ಪಶ್ಚಿಮ ಆಸ್ಟ್ರೇಲಿಯಾದ ಸೌತ್ ಫ್ರೀಮ್ಯಾಂಟಲ್ ಕ್ಲಬ್ಬಿನಲ್ಲಿ ಆಡುತ್ತಿದ್ದ ಅವರನ್ನು 2019ರ ಮಧ್ಯಋತುವಿನ ಆಯ್ಕೆಯಲ್ಲಿ, 27ರ ವಯಸ್ಸಿನಲ್ಲಿ ರಿಚ್ಮಂಡ್ ಸೇರಿಸಿಕೊಂಡಿತು. ಆ ವರ್ಷದ ವಿಎಫ್‌ಎಲ್ ಅಂತಿಮ ಪಂದ್ಯದಲ್ಲಿ ರಿಚ್ಮಂಡ್ ಮೀಸಲು ತಂಡವು ವಿಲಿಯಮ್ಸ್‌ಟೌನ್ ತಂಡವನ್ನು ಸೋಲಿಸಿದಾಗ ಪಿಕೆಟ್ ನಾರ್ಮ್ ಗಾಸ್ ಪದಕಕ್ಕೆ ಪಾತ್ರರಾದರು. ಹಿರಿಯ ತಂಡದ ಜ್ಯಾಕ್ ಗ್ರಹಾಂ ಗಾಯಗೊಂಡಿದ್ದರಿಂದ, ಒಂದೂ ಎಎಫ್‌ಎಲ್ ಪಂದ್ಯ ಆಡಿರದ ಪಿಕೆಟ್‌ರನ್ನು ಮರುವಾರದ ಎಎಫ್‌ಎಲ್ ಅಂತಿಮ ಪಂದ್ಯಕ್ಕೆ ಆರಿಸಲಾಯಿತು. 1952ರ ನಂತರ ಅಂತಿಮ ಪಂದ್ಯದಲ್ಲಿಯೇ ಪದಾರ್ಪಣೆ ಮಾಡಿದವರು ಅವರೊಬ್ಬರೇ. ಅಂದು ಅವರು 22 ಡಿಸ್ಪೋಸಲ್ ಹಾಗೂ ಒಂದು ಗೋಲು ಗಳಿಸಿದರು. ರಿಚ್ಮಂಡ್ ತಂಡವು ಗ್ರೇಟರ್ ವೆಸ್ಟರ್ನ್ ಸಿಡ್ನಿ ತಂಡವನ್ನು 89 ಅಂಕಗಳಿಂದ ಸೋಲಿಸಿತು. ಮೀಸಲು ಪಂದ್ಯದ ಸಾಧನೆಯನ್ನು ನಂಬಿ ಆಯ್ಕೆಗಾರರು ತೆಗೆದುಕೊಂಡ ಅತ್ಯಂತ ದೊಡ್ಡ ನಿರ್ಧಾರಗಳಲ್ಲಿ ಇದೂ ಒಂದು.

ಟೀಕೆ ಹಾಗೂ ಪರಿಣಾಮ

ಮೀಸಲು ಪಂದ್ಯಗಳಲ್ಲಿ ವಾರವಾರವೂ ಮಿಂಚಿಯೂ ಹಿರಿಯ ತಂಡದಲ್ಲಿ ಅವಕಾಶ ದೊರೆಯದ ಆಟಗಾರರ ಬಗ್ಗೆ ಅಭಿಮಾನಿಗಳು ಪ್ರತಿ ಋತುವಿನಲ್ಲಿಯೂ ಪ್ರಶ್ನೆ ಎತ್ತುತ್ತಾರೆ. ಹಿರಿಯ ತಂಡದಲ್ಲಿ ಆ ಸ್ಥಾನ ಖಾಲಿ ಇರಬೇಕೆಂಬುದು ಒಂದು ಕಾರಣ; ಆಟಗಾರನಿಗೆ ವಹಿಸಿದ್ದ ಪಾತ್ರವೇನೆಂಬುದು ಹೊರಗಿನವರಿಗೆ ತಿಳಿದಿರುವುದಿಲ್ಲ ಎಂಬುದು ಇನ್ನೊಂದು. ಪಾತ್ರವನ್ನು ಬಹಿರಂಗಪಡಿಸದ ಕ್ಲಬ್ಬು ಆಟಗಾರನನ್ನು ಅಂಕಿಗಳ ಮೂಲಕವೇ ಅಳೆಯುವಂತೆ ಸಾರ್ವಜನಿಕರನ್ನು ತಾನೇ ದೂಡುತ್ತದೆ ಎಂಬ ಪ್ರತಿವಾದವೂ ಇದೆ.

ಎಎಫ್‌ಎಲ್ ಕ್ಲಬ್ಬುಗಳ ಪಟ್ಟಿಯಲ್ಲಿರುವ ಸ್ಥಾನಗಳು ಸೀಮಿತ. ಪ್ರತಿ ವರ್ಷ ಹೊಸಬರು ಬರುವಷ್ಟೇ ಸಂಖ್ಯೆಯ ಹಳಬರು ಹೊರನಡೆಯಬೇಕಾಗುತ್ತದೆ. ಹೊರನಡೆಯುವವರಲ್ಲಿ ಅನೇಕರು ತಮ್ಮ ಕೊನೆಯ ತಿಂಗಳುಗಳನ್ನು ಮೀಸಲು ಪಂದ್ಯಗಳಲ್ಲಿಯೇ ಕಳೆದಿರುತ್ತಾರೆ. ಇಪ್ಪತ್ತು, ಇಪ್ಪತ್ತೆರಡರ ವಯಸ್ಸಿನ ಯುವಕನೊಬ್ಬನ ಜೀವನೋಪಾಯ ಇಂತಹ ಕೆಲವು ಪಂದ್ಯಗಳ ಮೌಲ್ಯಮಾಪನದಿಂದ ನಿರ್ಧಾರವಾಗುವಾಗ, ಅವನಿಗೆ ಯಾವ ಕೆಲಸ ವಹಿಸಲಾಗಿತ್ತು, ಯಾರ ಎದುರು ಆಡಿದನು, ಎಷ್ಟು ಹೊತ್ತು ಆಡಿದನು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆಯೇ ಅಂಕಿಗಳಿಗೆ ಅರ್ಥ ಬರುತ್ತದೆ.

ಇವನ್ನೂ ನೋಡಿ

- ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್
- ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್
- ವಿಕ್ಟೋರಿಯನ್ ಫುಟ್‌ಬಾಲ್ ಲೀಗ್
- ಬ್ರೌನ್ಲೋ ಪದಕ